ಸಿಇಒ ಫೋನಿನಲ್ಲಿ ಯಾರ್ಯಾರ ನಂಬರಿದೆ?

ಕೆಲವು ವರ್ಷಗಳ ಹಿಂದೆ ನಾನು ಒಂದು ಕಂಪನಿಯಲ್ಲಿ ಮೀಟಿಂಗ್‌ಗಳಿಗೆ ಸ್ಲೈಡು ತಯಾರಿಸುವ ಕೆಲಸ ಮಾಡುತ್ತಿದ್ದೆ. ದೊಡ್ಡ ಹುದ್ದೆಯೇನಲ್ಲ. ಒಂದು ಸಲ, ಹೊಸ ಉತ್ಪನ್ನಕ್ಕೆ ಬೆಲೆ ಎಷ್ಟಿಡಬೇಕು ಅನ್ನೋ ಪ್ರಶ್ನೆಗೆ ನಾವು ನಾಲ್ಕು ಜನ ಮೂರು ವಾರ ಕೂತು ಲೆಕ್ಕ ಹಾಕಿದೆವು. ಎದುರಾಳಿಗಳ ಬೆಲೆ, ಗ್ರಾಹಕರ ಸರ್ವೆ, ನಮ್ಮ ಖರ್ಚು, ಎಲ್ಲ ಸೇರಿ 46 ಸ್ಲೈಡು. ಮೀಟಿಂಗ್‌ನಲ್ಲಿ ಹನ್ನೊಂದನೇ ಸ್ಲೈಡಿಗೆ ಬರುವಷ್ಟರಲ್ಲಿ ಸಾಹೇಬರು ಕೈ ಎತ್ತಿ, "ಇದೆಲ್ಲ ಸರಿ ಕಣ್ರಪ್ಪಾ, ಆದ್ರೆ ಮೊನ್ನೆ ಏರ್‌ಪೋರ್ಟಿನಲ್ಲಿ ನನ್ನ ಕ್ಲಾಸ್‌ಮೇಟ್ ಸಿಕ್ಕಿದ್ದ, ಅವರ ಕಂಪನಿಯವರು ಈ ಲೈನೇ ಬಿಡ್ತಿದ್ದಾರಂತೆ" ಅಂದರು. ಅಷ್ಟೇ. ಮೀಟಿಂಗ್ ಬೇರೆ ದಾರಿ ಹಿಡಿಯಿತು. ಮೂರು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಉಳಿದ 35 ಸ್ಲೈಡುಗಳನ್ನು ಯಾರೂ ನೋಡಲಿಲ್ಲ.

ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅಲ್ಲಿ ನಡೆದದ್ದು ಅಪರೂಪದ ಸಂಗತಿಯೇನಲ್ಲ ಅನಿಸುತ್ತದೆ. ಯಾರ ಮೇಲೆ ಮುಗಿಬೀಳಬೇಕು, ಯಾರನ್ನು ಕೆಣಕಬಾರದು, ಯಾವ ಮಾರುಕಟ್ಟೆಗೆ ನುಗ್ಗಬೇಕು, ಯಾರನ್ನು ಕೊಂಡುಕೊಳ್ಳಬೇಕು, ಇಂಥ ತೀರ್ಮಾನಗಳ ಹಿಂದೆ ಎಕ್ಸೆಲ್ ಶೀಟಿನಷ್ಟೇ ದೊಡ್ಡ ಕೈವಾಡ ಮೇಲಿನವರ ಒಡನಾಟದ್ದು. ಅವರು ಯಾರ ಫೋನ್ ಎತ್ತುತ್ತಾರೆ, ಯಾರ ಜೊತೆ ಊಟಕ್ಕೆ ಕೂರುತ್ತಾರೆ, ಹಿಂದೆ ಯಾರ ಪಕ್ಕದ ಟೇಬಲ್ಲಿನಲ್ಲಿ ಕೆಲಸ ಮಾಡಿದ್ದರು, ಇದೆಲ್ಲ ಕಂಪನಿಯ ದಾರಿಯನ್ನು ತಿರುಗಿಸುತ್ತದೆ. ಫೇಸ್‌ಬುಕ್ಕು, ಲಿಂಕ್ಡ್‌ಇನ್‌ನಲ್ಲಿ ಎಷ್ಟು ಜನ ಫಾಲೋ ಮಾಡುತ್ತಾರೆ ಅನ್ನೋ ಮಾತಲ್ಲ ಇದು. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೂ ಎತ್ತುವವರ ಲೆಕ್ಕ.

ಈ ಬಳಗದಿಂದ ಏನು ಸಿಗುತ್ತದೆ ಅಂತ ಕೇಳಿದರೆ ಎಲ್ಲರೂ ಹೇಳುವ ಉತ್ತರ "ಮಾಹಿತಿ". ನಿಜ, ಆದರೆ ಅರ್ಧ ನಿಜ. ಮೊದಲು ಆ ಅರ್ಧವನ್ನೇ ನೋಡೋಣ.

ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಹುಡುಕಿಕೊಂಡವರನ್ನು ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಪದೇ ಪದೇ ಅಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 55.6. ಬಹಳ ಅಪರೂಪ ಅಂದವರು ಶೇ. 27.8. ಅಂದರೆ ದಿನಾ ಸಿಗುವ ಗೆಳೆಯನಿಗಿಂತ ಯಾವಾಗಲೋ ಸಿಗುವ ಪರಿಚಯದವನೇ ಹೆಚ್ಚು ಉಪಯೋಗಕ್ಕೆ ಬಂದ. ಕಾರಣ ಗಹನವಾದದ್ದೇನಲ್ಲ. ದಿನಾ ಸಿಗುವ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅಲ್ವಾ? ದೂರದವನು ಬೇರೆ ಗುಂಪಿನಲ್ಲಿ ಓಡಾಡುವವನು, ಅವನು ತರುವ ಸುದ್ದಿಯೂ ಬೇರೆ.

ಅದು ಕೆಲಸ ಹುಡುಕುವವರ ಕಥೆ. ಕಂಪನಿ ನಡೆಸುವವರ ಮಟ್ಟದಲ್ಲಿ ಇದೇ ಹೇಗೆ ಕಾಣುತ್ತದೆ ಅನ್ನೋದಕ್ಕೆ ಇಂಟರ್ನೆಟ್ಟಿನಲ್ಲಿ ಹಣ ಕಳಿಸುವ ಸೇವೆ ಪೇಪಾಲ್‌ನಿಂದ ಹೊರಬಿದ್ದವರನ್ನು ನೋಡಬೇಕು. 2002ರಲ್ಲಿ ಇಬೇ ಆ ಕಂಪನಿಯನ್ನು 150 ಕೋಟಿ ಡಾಲರಿಗೆ ಕೊಂಡಿತು, ಅಲ್ಲಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರಲ್ಲಿ ಒಬ್ಬರಾದ ರೀಡ್ ಹಾಫ್‌ಮನ್ ಲಿಂಕ್ಡ್‌ಇನ್ ಕಟ್ಟಿದರು. 2004ರಲ್ಲಿ ಮಾರ್ಕ್ ಝುಕರ್‌ಬರ್ಗ್ ಅನ್ನೋ ಹುಡುಗನನ್ನು ತಮ್ಮ ಹಳೆಯ ಸಹೋದ್ಯೋಗಿ ಪೀಟರ್ ಥೀಲ್‌ಗೆ ಪರಿಚಯ ಮಾಡಿಸಿದವರು ಇದೇ ಹಾಫ್‌ಮನ್. ಥೀಲ್ ಹಾಕಿದ್ದು 5 ಲಕ್ಷ ಡಾಲರ್, ಸಿಕ್ಕಿದ್ದು ಫೇಸ್‌ಬುಕ್‌ನಲ್ಲಿ ಶೇ. 10.2 ಪಾಲು. ಮಾರನೇ ವರ್ಷ ಪೇಪಾಲ್‌ನವರೇ ಆದ ಮೂವರು ಯೂಟ್ಯೂಬ್ ಶುರು ಮಾಡಿದರು. ಅದಕ್ಕೆ ದುಡ್ಡು ಹಾಕಿದ್ದು ಸಿಕೋಯಾ ಅನ್ನೋ ಹೂಡಿಕೆ ಸಂಸ್ಥೆ. ಅಲ್ಲಿ ಅವರ ಪರ ನಿಂತವರು ರೂಲೋಫ್ ಬೋಥಾ, ಅವರು ಮೊದಲು ಏನಾಗಿದ್ದರು ಅಂದರೆ ಪೇಪಾಲ್‌ನ ಹಣಕಾಸು ಮುಖ್ಯಸ್ಥ! 2006ರ ಅಕ್ಟೋಬರಿನಲ್ಲಿ ಗೂಗಲ್ ಯೂಟ್ಯೂಬನ್ನು 165 ಕೋಟಿ ಡಾಲರಿಗೆ ತೆಗೆದುಕೊಂಡಿತು. ಶುರುವಾಗಿ ಎರಡು ವರ್ಷವೂ ಆಗಿರಲಿಲ್ಲ.

ಇಲ್ಲಿ ಸಿಕ್ಕಿದ್ದು ಬರೀ ಸುದ್ದಿ ಅಲ್ಲ. ಈ ಹುಡುಗರು ರಾತ್ರಿ ಹಗಲು ಕೂತು ಕೆಲಸ ಮಾಡುತ್ತಾರೋ ಇಲ್ಲವೋ, ಸರ್ವರ್ ಬಿದ್ದಾಗ ಓಡಿಹೋಗುತ್ತಾರೋ ನಿಲ್ಲುತ್ತಾರೋ ಅನ್ನೋದು ಬೋಥಾ ಅವರಿಗೆ ಮೊದಲೇ ಗೊತ್ತಿತ್ತು. ಹೊರಗಿನ ಹೂಡಿಕೆದಾರನಿಗೆ ಅದನ್ನು ತಿಳಿಯಲು ಆರು ತಿಂಗಳು ಬೇಕು, ಅಷ್ಟು ಹೊತ್ತಿಗೆ ಬಸ್ಸು ಹೊರಟುಹೋಗಿರುತ್ತದೆ. ಬೇಗ ನಂಬುವ ಶಕ್ತಿ ಅಂತ ಬೇಕಾದರೆ ಕರೆಯಿರಿ. ಪೈಪೋಟಿಯಲ್ಲಿ ಅದು ಎಂಥ ಅನುಕೂಲ ಅನ್ನೋದನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ.

ಇನ್ನು ಉಳಿದರ್ಧ. ನನ್ನ ಪ್ರಕಾರ ಮುಖ್ಯವಾದದ್ದು ಇದು: ಬಳಗ ಸುದ್ದಿ ತರುವುದಷ್ಟೇ ಅಲ್ಲ, ಯಾವುದು ಯೋಚನೆಗೇ ಬರಬಾರದು ಅನ್ನೋದನ್ನೂ ಅದೇ ತೀರ್ಮಾನಿಸುತ್ತದೆ. ಯಾರು ನಿಮ್ಮ ಎದುರಾಳಿ, ಯಾರು "ನಮ್ಮವರು", ಯಾವ ಹೆಜ್ಜೆ ಧೈರ್ಯದ್ದು, ಯಾವುದು ಹುಚ್ಚಾಟ, ಈ ಗೆರೆಗಳನ್ನು ಎಳೆಯುವವರು ನೀವು ದಿನಾ ಮಾತಾಡುವ ಜನ.

1997ರಲ್ಲಿ ಮಾರ್ಟಾ ಗೆಲೆಟ್‌ಕಾನಿಚ್ ಮತ್ತು ಡೊನಾಲ್ಡ್ ಹ್ಯಾಂಬ್ರಿಕ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಎರಡು ಉದ್ಯಮಗಳನ್ನು ತೆಗೆದುಕೊಂಡು ಇದನ್ನು ನೋಡಿದರು, ಒಂದು ಬ್ರ್ಯಾಂಡೆಡ್ ಆಹಾರ, ಇನ್ನೊಂದು ಕಂಪ್ಯೂಟರ್. ಮೇಲಿನ ಅಧಿಕಾರಿಗಳ ಒಡನಾಟ ತಮ್ಮದೇ ಉದ್ಯಮದ ಒಳಗೆ ಜಾಸ್ತಿ ಇದ್ದ ಕಂಪನಿಗಳು ಎಲ್ಲರಂತೆಯೇ ನಡೆದವು, ಜಾಹೀರಾತಿಗೆ ಎಷ್ಟು, ಸಂಶೋಧನೆಗೆ ಎಷ್ಟು ಅನ್ನೋದರಲ್ಲಿ ಉದ್ಯಮದ ಸರಾಸರಿಗೆ ಹತ್ತಿರವೇ ಇದ್ದವು. ಉದ್ಯಮದ ಹೊರಗೆ ಒಡನಾಟ ಇದ್ದ ಕಡೆ ದಾರಿ ತಪ್ಪಿ ನಡೆಯುವ ಕಂಪನಿಗಳು ಕಂಡವು. "ದಾರಿ ತಪ್ಪಿ" ಅನ್ನೋದನ್ನು ಬೈಗುಳ ಅಂದುಕೊಳ್ಳಬೇಡಿ, ಕೆಲವು ಸಲ ದಾರಿ ತಪ್ಪಿದವನಿಗೇ ಹೊಸ ಊರು ಸಿಗುವುದು. ಯಾವುದು ಒಳ್ಳೆಯದು ಅನ್ನೋದು ಆ ಕಂಪನಿಗೆ ಆ ಹೊತ್ತಿಗೆ ಎಂಥ ಮಾಹಿತಿ ಬೇಕು ಅನ್ನೋದರ ಮೇಲೆ ನಿಂತಿತ್ತು.

ಒಂದೇ ಸಂಘದ ಸಭೆ, ಒಂದೇ ಸಮ್ಮೇಳನ, ಒಂದೇ ಸಲಹೆಗಾರರು. ಎಲ್ಲರೂ ಒಂದೇ ಪದ ಬಳಸತೊಡಗುತ್ತಾರೆ. ಒಂದು ವರ್ಷ ಎಲ್ಲರಿಗೂ ಬ್ಲಾಕ್‌ಚೈನ್ ಬೇಕು, ಇನ್ನೊಂದು ವರ್ಷ ಎಲ್ಲರಿಗೂ ಎಐ ಬೇಕು. ಹೊರಗಿನಿಂದ ನೋಡಿದರೆ ಇಷ್ಟೊಂದು ಕಂಪನಿಗಳು ಏಕಕಾಲಕ್ಕೆ ಒಂದೇ ತೀರ್ಮಾನಕ್ಕೆ ಬಂದವಲ್ಲ ಅಂತ ಆಶ್ಚರ್ಯ. ಒಳಗಿನಿಂದ ನೋಡಿದರೆ ಆಶ್ಚರ್ಯಕ್ಕೆ ಕಾರಣವೇ ಇಲ್ಲ.

ಈ ಹರಡುವಿಕೆಗೆ ನನಗೆ ಇಷ್ಟವಾದ ಉದಾಹರಣೆ 1980ರ ದಶಕದ್ದು. ಆಗ ಅಮೆರಿಕದಲ್ಲಿ ಕಂಪನಿಗಳನ್ನು ಷೇರು ಕೊಂಡು ಬಲವಂತವಾಗಿ ವಶಪಡಿಸಿಕೊಳ್ಳುವ ಸುಗ್ಗಿ. ಅದನ್ನು ತಡೆಯಲು 1982ರಲ್ಲಿ ಮಾರ್ಟಿನ್ ಲಿಪ್ಟನ್ ಅನ್ನೋ ವಕೀಲರು ಒಂದು ಉಪಾಯ ಹುಡುಕಿದರು. ಯಾರಾದರೂ ಗೊತ್ತಾದ ಮಿತಿಗಿಂತ ಹೆಚ್ಚು ಷೇರು ಕೊಂಡರೆ, ಅವರನ್ನು ಬಿಟ್ಟು ಉಳಿದ ಷೇರುದಾರರಿಗೆಲ್ಲ ಅಗ್ಗದಲ್ಲಿ ಹೊಸ ಷೇರು. ನುಂಗಲು ಬಂದವನ ಗಂಟಲಲ್ಲೇ ಸಿಕ್ಕಿಕೊಳ್ಳುವ ವ್ಯವಸ್ಥೆ. ಪಾಯ್ಸನ್ ಪಿಲ್ ಅಂತ ಹೆಸರು, ವಿಷದ ಗುಳಿಗೆ. ಅದೇ ಕಾಲದಲ್ಲಿ ಇನ್ನೊಂದೂ ಇತ್ತು, ಗೋಲ್ಡನ್ ಪ್ಯಾರಾಶೂಟ್. ಕಂಪನಿ ಕೈಬದಲಾದರೆ ಮೇಲಿನವರಿಗೆ ದೊಡ್ಡ ಗಂಟು ಸಿಗುವ ಕರಾರು. ಜೆರಾಲ್ಡ್ ಡೇವಿಸ್ ಮತ್ತು ಹೆನ್ರಿಕ್ ಗ್ರೀವ್ ಇವೆರಡೂ ಹೇಗೆ ಹರಡಿದವು ಅಂತ ಲೆಕ್ಕ ಹಾಕಿದಾಗ ತಮಾಷೆಯ ವ್ಯತ್ಯಾಸ ಕಂಡಿತು. ವಿಷದ ಗುಳಿಗೆ ಬೋರ್ಡಿನಿಂದ ಬೋರ್ಡಿಗೆ (ಬೋರ್ಡು ಅಂದರೆ ಕಂಪನಿಯ ನಿರ್ದೇಶಕರ ಮಂಡಳಿ) ಹಾರಿತು, ಎರಡು ಕಂಪನಿಗಳ ಬೋರ್ಡಿನಲ್ಲಿ ಒಬ್ಬನೇ ನಿರ್ದೇಶಕ ಕೂತಿದ್ದರೆ ಅವನೇ ಅಂಟುಜಾಡ್ಯ ಹೊತ್ತು ತಂದ ಹಾಗೆ, ಬೇಗ ಬೇಗ. ಪ್ಯಾರಾಶೂಟ್ ಮಾತ್ರ ನಿಧಾನವಾಗಿ, ಒಂದೇ ಊರಿನ ಕಂಪನಿಗಳ ನಡುವೆ ಹರಡಿತು. ಅಂದರೆ ಎರಡು ಐಡಿಯಾಗಳು, ಎರಡು ಬೇರೆ ಬೇರೆ ಬಳಗ. ಒಂದು ದೇಶವಿಡೀ ಹಬ್ಬಿದ ಬೋರ್ಡುಗಳ ಬಲೆ, ಇನ್ನೊಂದು ಅಕ್ಕಪಕ್ಕದವರನ್ನು ನೋಡಿಕೊಂಡು ನಡೆಯುವ ಪದ್ಧತಿ.

ಕೆಟ್ಟದ್ದೂ ಹೀಗೇ ಹರಡುತ್ತದೆ. ಷೇರು ಆಯ್ಕೆ (ಸ್ಟಾಕ್ ಆಪ್ಷನ್, ಅಂದರೆ ಗೊತ್ತುಮಾಡಿದ ದಿನದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಕೊಡುವಾಗ, ಬೆಲೆ ಕಡಿಮೆ ಇದ್ದ ಹಿಂದಿನ ಒಂದು ದಿನಾಂಕ ಹಾಕಿ ಅಧಿಕಾರಿಗಳಿಗೆ ಲಾಭ ಮಾಡಿಕೊಡುವ ಹಗರಣ 2006ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಅದೂ ಕೂಡ ಒಂದೇ ನಿರ್ದೇಶಕರನ್ನು ಹಂಚಿಕೊಂಡ ಕಂಪನಿಗಳ ನಡುವೆ ದಾಟಿಕೊಂಡು ಹೋಗಿತ್ತು ಅಂತ ಆಮೇಲಿನ ಸಂಶೋಧನೆ ತೋರಿಸಿತು.

ಬೋರ್ಡಿನ ಮಾತು ಬಂದಾಗ ಆಪಲ್ ಮತ್ತು ಗೂಗಲ್ ಕಥೆಯನ್ನು ಸ್ವಲ್ಪ ನಿಂತು ನೋಡಲೇಬೇಕು.

2006ರ ಆಗಸ್ಟ್. ಗೂಗಲ್‌ನ ಸಿಇಒ ಎರಿಕ್ ಷ್ಮಿಟ್ ಆಪಲ್ ಬೋರ್ಡಿಗೆ ಸೇರಿದರು. ಆಗ ಎರಡೂ ಕಂಪನಿಗಳ ನಡುವೆ ಜಗಳ ಆಡುವಂಥದ್ದು ಏನೂ ಇರಲಿಲ್ಲ, ಇಬ್ಬರಿಗೂ ಎದುರಾಳಿ ಮೈಕ್ರೋಸಾಫ್ಟ್. ಆದರೆ ಒಂದು ಸಣ್ಣ ವಿಷಯ ಇತ್ತು. ಅದರ ಹಿಂದಿನ ವರ್ಷವೇ ಗೂಗಲ್ ಆಂಡ್ರಾಯ್ಡ್ ಅನ್ನೋ ಪುಟ್ಟ ಕಂಪನಿಯನ್ನು ಕೊಂಡಿತ್ತು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದಾಗ ವೇದಿಕೆಗೆ ಷ್ಮಿಟ್ ಕೂಡ ಬಂದರು, ಎರಡೂ ಕಂಪನಿ ಸೇರಿಸಿ "ಆಪಲ್‌ಗೂ" (ಆಪಲ್ + ಗೂಗಲ್) ಅಂತ ಹೆಸರಿಡೋಣ ಅಂತ ತಮಾಷೆ ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಆಂಡ್ರಾಯ್ಡ್ ಘೋಷಿಸಿತು. ಮಾರನೇ ವರ್ಷ ಮೊದಲ ಆಂಡ್ರಾಯ್ಡ್ ಫೋನ್ ಬಂತು. ಷ್ಮಿಟ್ ಇನ್ನೂ ಆಪಲ್ ಬೋರ್ಡಿನಲ್ಲೇ! ಫೋನಿನ ವಿಷಯ ಬಂದಾಗ ಎದ್ದು ಹೊರಗೆ ಹೋಗುವ ಏರ್ಪಾಟು. 2009ರ ಜುಲೈಯಲ್ಲಿ ಗೂಗಲ್ ಕ್ರೋಮ್ ಓಎಸ್ ಅಂತ ಕಂಪ್ಯೂಟರಿಗೂ ಕೈಹಾಕಿದ ಮೇಲೆ ಆಗಸ್ಟ್ 3ರಂದು ಅವರು ಬೋರ್ಡು ಬಿಟ್ಟರು. ಮೀಟಿಂಗ್‌ನ ಇನ್ನೂ ದೊಡ್ಡ ಭಾಗಗಳಿಂದ ಅವರು ಹೊರಗಿರಬೇಕಾಗುತ್ತದೆ, ಹಾಗಾದರೆ ಬೋರ್ಡಿನಲ್ಲಿದ್ದು ಪ್ರಯೋಜನವೇನು ಅನ್ನೋ ಅರ್ಥದ ಹೇಳಿಕೆಯನ್ನು ಆಪಲ್ ಕೊಟ್ಟಿತು. ಅಷ್ಟರಲ್ಲಿ ಪೈಪೋಟಿಯ ಮೇಲೆ ಕಣ್ಣಿಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಈ ಹಂಚಿಕೆಯ ಕುರ್ಚಿಗಳ ಬಗ್ಗೆ ವಿಚಾರಣೆ ಶುರು ಮಾಡಿತ್ತು. ಎರಡೂ ಬೋರ್ಡಿನಲ್ಲಿದ್ದ ಆರ್ಥರ್ ಲೆವಿನ್ಸನ್ ಅಕ್ಟೋಬರಿನಲ್ಲಿ ಗೂಗಲ್ ಬೋರ್ಡು ಬಿಟ್ಟರು.

ಈ ಕಥೆಯನ್ನು ಸಾಮಾನ್ಯವಾಗಿ "ಷ್ಮಿಟ್ ಗುಟ್ಟು ಕದ್ದರು" ಅಂತ ಹೇಳುತ್ತಾರೆ. ನನಗೆ ಅದು ಅಷ್ಟು ಮುಖ್ಯ ಅನಿಸುವುದಿಲ್ಲ, ಅದಕ್ಕೆ ಪುರಾವೆಯೂ ಯಾರ ಹತ್ತಿರವೂ ಇಲ್ಲ. ನನಗೆ ಕುತೂಹಲ ಆ ಮೂರು ವರ್ಷಗಳದ್ದು. ಪಕ್ಕದಲ್ಲೇ ಕೂತವನು ಎದುರಾಳಿಯಾಗುತ್ತಿದ್ದಾನೆ ಅಂತ ಕಾಗದದ ಮೇಲೆ ಎಲ್ಲರಿಗೂ ಕಾಣುತ್ತಿತ್ತು, ಆದರೂ ಕುರ್ಚಿ ಖಾಲಿಯಾಗಲಿಲ್ಲ. ದಿನಾ ನಗುನಗುತ್ತಾ ಮಾತಾಡಿಸುವವರನ್ನು ಶತ್ರು ಅಂತ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. 2010ರ ಮಾರ್ಚಿನಲ್ಲಿ ಆಂಡ್ರಾಯ್ಡ್ ಫೋನ್ ತಯಾರಿಸುವ ಎಚ್‌ಟಿಸಿ ಮೇಲೆ ಆಪಲ್ ಕೇಸು ಹಾಕಿತು. ಅದೇ ತಿಂಗಳು ಜಾಬ್ಸ್ ಮತ್ತು ಷ್ಮಿಟ್ ಒಂದು ಕೆಫೆಯ ಹೊರಗೆ ಕೂತು ಮಾತಾಡುತ್ತಿರುವ ಫೋಟೋ ಕೂಡ ಹೊರಬಿತ್ತು.

ಇದೇ ಬಳಗದ ಇನ್ನೊಂದು ಮುಖ ಕೋರ್ಟಿನ ಕಡತಗಳಲ್ಲಿ ಸಿಗುತ್ತದೆ. ಒಬ್ಬರ ಇಂಜಿನಿಯರುಗಳನ್ನು ಇನ್ನೊಬ್ಬರು ಕರೆಯಬಾರದು ಅಂತ ದೊಡ್ಡ ಟೆಕ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿದ್ದವು ಅಂತ 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರು ಹಾಕಿತು. ಆಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್, ಪಿಕ್ಸಾರ್ ಆ ದೂರಿನಲ್ಲಿದ್ದ ಹೆಸರುಗಳು. ಈಗ ಈ ಹೆಸರುಗಳ ನಡುವೆ ಗೆರೆ ಎಳೆಯಿರಿ. ಜಾಬ್ಸ್ ಆಪಲ್‌ನವರೂ ಹೌದು, ಪಿಕ್ಸಾರ್‌ನವರೂ ಹೌದು. ಬಿಲ್ ಕ್ಯಾಂಪ್‌ಬೆಲ್ ಅನ್ನೋರು ಇಂಟ್ಯೂಟ್‌ನ ಅಧ್ಯಕ್ಷರು, ಆಪಲ್‌ನ ನಿರ್ದೇಶಕರು, ಗೂಗಲ್‌ನವರಿಗೆ ಸಲಹೆಗಾರರು. ಇಂಟೆಲ್‌ನ ಸಿಇಒ ಪಾಲ್ ಒಟೆಲ್ಲಿನಿ ಗೂಗಲ್ ಬೋರ್ಡಿನಲ್ಲಿ. ಹೊಸದಾಗಿ ಒಪ್ಪಂದ ಮಾಡಿಕೊಳ್ಳಲು ಹೋಟೆಲ್ ರೂಮು ಬುಕ್ ಮಾಡುವ ಅಗತ್ಯವೇ ಇರಲಿಲ್ಲ, ಒಂದು ಇಮೇಲ್ ಸಾಕಿತ್ತು. ಗೂಗಲ್‌ನ ನೇಮಕಾತಿಯವರೊಬ್ಬರು ಆಪಲ್ ನೌಕರನನ್ನು ಸಂಪರ್ಕಿಸಿದರು ಅಂತ ಜಾಬ್ಸ್ ದೂರಿದಾಗ, ಆ ವ್ಯಕ್ತಿಯನ್ನು ಕೆಲಸದಿಂದ ತೆಗೆಯುತ್ತೇವೆ ಅಂತ ಷ್ಮಿಟ್ ಉತ್ತರ ಕೊಟ್ಟರು. ಜಾಬ್ಸ್ ಆ ಉತ್ತರವನ್ನು ತಮ್ಮ ಎಚ್‌ಆರ್ ಮುಖ್ಯಸ್ಥರಿಗೆ ಕಳಿಸುವಾಗ ಜೊತೆಗೆ ಹಾಕಿದ್ದು ಒಂದು ನಗುಮುಖದ ಚಿಹ್ನೆ. ಯಾರದೋ ಕೆಲಸ ಹೋಯಿತು, ಇಲ್ಲಿ ಒಂದು ನಗು.

ಅದೇ ಪ್ರಸ್ತಾಪವನ್ನು 2007ರಲ್ಲಿ ಜಾಬ್ಸ್ ಫೋನ್ ತಯಾರಿಸುತ್ತಿದ್ದ ಪಾಮ್ ಕಂಪನಿಯ ಸಿಇಒ ಎಡ್ ಕಾಲಿಗನ್ ಮುಂದೆಯೂ ಇಟ್ಟರು. ಕಾಲಿಗನ್ ಈ ಬೋರ್ಡುಗಳ ಬಳಗದವರಲ್ಲ. ನೌಕರರ ಇಷ್ಟವನ್ನೇ ಕೇಳದೆ ಹೀಗೆ ಮಾತಾಡಿಕೊಳ್ಳುವುದು ತಪ್ಪು, ಬಹುಶಃ ಕಾನೂನುಬಾಹಿರ ಕೂಡ ಅಂತ ಅವರು ಬರೆದೇ ಕಳಿಸಿದರು. ಒಂದೇ ಪ್ರಸ್ತಾಪ. ಒಳಗಿದ್ದವರಿಗೆ ಅದು ಸೌಜನ್ಯ, ಹೊರಗಿದ್ದವರಿಗೆ ಅಪರಾಧ. ಕೊನೆಗೆ ಸುಮಾರು 64,000 ನೌಕರರ ಪರವಾಗಿ ನಡೆದ ಕೇಸಿನಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಸೇರಿ 41.5 ಕೋಟಿ ಡಾಲರ್ ಕಟ್ಟುವ ರಾಜಿಗೆ 2015ರಲ್ಲಿ ಕೋರ್ಟು ಒಪ್ಪಿಗೆ ಕೊಟ್ಟಿತು.

ಇದೆಲ್ಲ ಹಳೇ ಕಥೆ ಅನ್ನೋರಿಗೆ ಈಗಿನ ಎಐ ಲೋಕ ನೋಡಿ ಅಂತ ಹೇಳುತ್ತೇನೆ. ಅಮೆರಿಕದ ಸನ್ ವ್ಯಾಲಿಯಲ್ಲಿ ಆಲೆನ್ ಆಂಡ್ ಕಂಪನಿಯವರು ಪ್ರತಿ ಬೇಸಿಗೆ ಒಂದು ಸಮ್ಮೇಳನ ನಡೆಸುತ್ತಾರೆ, ಆಹ್ವಾನ ಇದ್ದವರಿಗೆ ಮಾತ್ರ. 2018ರಲ್ಲಿ ಅಲ್ಲಿ ಓಪನ್‌ಎಐ ಕಟ್ಟಿದವರಲ್ಲಿ ಒಬ್ಬರಾದ ಸ್ಯಾಮ್ ಆಲ್ಟ್‌ಮನ್‌ಗೆ ಮೈಕ್ರೋಸಾಫ್ಟ್ ಸಿಇಒ ಸತ್ಯ ನಾದೆಳ್ಲ ಸಿಕ್ಕಿದರು. ಮಾರನೇ ವರ್ಷ ಮೈಕ್ರೋಸಾಫ್ಟ್ ಓಪನ್‌ಎಐಗೆ 100 ಕೋಟಿ ಡಾಲರ್ ಹಾಕಿತು. ಆ ಭೇಟಿಯಿಂದಲೇ ಎಲ್ಲ ಆಯಿತು ಅಂತಲ್ಲ, ಆದರೆ ಆ ಬಾಗಿಲೊಳಗೆ ಹೋಗಲು ಆಹ್ವಾನವೇ ಇಲ್ಲದ ಸಾವಿರ ಕಂಪನಿಗಳಿಗೆ ಇಂಥ ಆಕಸ್ಮಿಕಗಳು ಆಗುವುದಿಲ್ಲ ಅನ್ನೋದಂತೂ ಖಂಡಿತ.

ಮತ್ತೆ ನಮ್ಮ ರೀಡ್ ಹಾಫ್‌ಮನ್. ಲಿಂಕ್ಡ್‌ಇನ್ ಅನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2017ರಲ್ಲಿ ಅವರು ಮೈಕ್ರೋಸಾಫ್ಟ್ ಬೋರ್ಡಿಗೆ ಹೋದರು. ಜೊತೆಗೆ ಓಪನ್‌ಎಐ ಬೋರ್ಡಿನಲ್ಲೂ ಇದ್ದರು. 2022ರಲ್ಲಿ ಮುಸ್ತಫಾ ಸುಲೇಮಾನ್ ಮೊದಲಾದವರ ಜೊತೆ ಸೇರಿ ಇನ್‌ಫ್ಲೆಕ್ಷನ್ ಅನ್ನೋ ಇನ್ನೊಂದು ಎಐ ಕಂಪನಿ ಕಟ್ಟಿದರು. 2023ರ ಮಾರ್ಚಿನಲ್ಲಿ, ಹಿತಾಸಕ್ತಿಗಳು ಅಡ್ಡ ಬರುತ್ತವೆ ಅಂತ ಓಪನ್‌ಎಐ ಬೋರ್ಡು ಬಿಟ್ಟರು. ಸರಿಯಾಗಿ ಒಂದು ವರ್ಷಕ್ಕೆ ಮೈಕ್ರೋಸಾಫ್ಟ್ ಸುಲೇಮಾನ್ ಅವರನ್ನೂ ಇನ್‌ಫ್ಲೆಕ್ಷನ್‌ನ ಬಹುಪಾಲು ಜನರನ್ನೂ ತನ್ನ ಕಡೆ ಕರೆದುಕೊಂಡಿತು. ಕಂಪನಿಯನ್ನು ಕೊಂಡಿಲ್ಲ, ಜನರನ್ನಷ್ಟೇ ಸೇರಿಸಿಕೊಂಡದ್ದು, ಸುಮ್ನೆ! ಬ್ರಿಟನ್ನಿನ ಪೈಪೋಟಿ ಪ್ರಾಧಿಕಾರ ಮಾತ್ರ ಇದನ್ನು ವಿಲೀನದ ಲೆಕ್ಕದಲ್ಲೇ ಪರಿಶೀಲಿಸಿ, ಆಮೇಲೆ ಪೈಪೋಟಿಗೆ ತೊಂದರೆ ಇಲ್ಲ ಅಂತ ಬಿಟ್ಟಿತು. ಇದರಲ್ಲಿ ಯಾರೂ ಕಾನೂನು ಮುರಿದರು ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ಪರಿಚಯಗಳ ನಕ್ಷೆ ಬಿಡಿಸಿದರೆ ಆ ಉದ್ಯಮದ ಅರ್ಧ ನಕ್ಷೆ ತಾನಾಗಿ ಮೂಡುತ್ತದೆ, ಅಷ್ಟೇ.

ಕಾನೂನಿಗೆ ಇದು ಗೊತ್ತಿಲ್ಲ ಅಂತಲ್ಲ. ಪೈಪೋಟಿಯಲ್ಲಿರುವ ಎರಡು ಕಂಪನಿಗಳ ಬೋರ್ಡಿನಲ್ಲಿ ಒಬ್ಬನೇ ಕೂರಬಾರದು ಅಂತ ಅಮೆರಿಕದ ಕ್ಲೇಟನ್ ಕಾಯ್ದೆ ಹೇಳಿದ್ದು 1914ರಲ್ಲಿ. ದಶಕಗಳ ಕಾಲ ಅದು ಬಹುತೇಕ ನಿದ್ದೆಯಲ್ಲಿತ್ತು. 2022ರ ಅಕ್ಟೋಬರಿನಲ್ಲಿ ನ್ಯಾಯ ಇಲಾಖೆ ಎಬ್ಬಿಸಿತು, ಐದು ಕಂಪನಿಗಳ ಬೋರ್ಡಿನಿಂದ ಏಳು ನಿರ್ದೇಶಕರು ಎದ್ದು ಹೋದರು. 2024ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಓಪನ್‌ಎಐ ಬೋರ್ಡಿನಲ್ಲಿದ್ದ ತನ್ನ ವೀಕ್ಷಕ ಸ್ಥಾನವನ್ನು (ಸಭೆಯಲ್ಲಿ ಕೂರಬಹುದು, ಮತ ಇಲ್ಲ) ಬಿಟ್ಟುಕೊಟ್ಟಿತು. ಆದರೆ ಕಾಯ್ದೆ ಕುರ್ಚಿಯನ್ನು ಎಣಿಸುತ್ತದೆ, ಊಟದ ಟೇಬಲ್ಲನ್ನು ಎಣಿಸಲು ಅದಕ್ಕೆ ಬರುವುದಿಲ್ಲ.

ಇಷ್ಟು ಓದಿ, ಹಾಗಾದರೆ ಎದುರಾಳಿಗಳ ನಡುವೆ ದೋಸ್ತಿ ಅಂದರೆ ಮೋಸವೇ ಅಂದುಕೊಂಡರೆ ಅದೂ ಸರಿಯಲ್ಲ. ಪಾಲ್ ಇಂಗ್ರಾಮ್ ಮತ್ತು ಪೀಟರ್ ರಾಬರ್ಟ್ಸ್ 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸಿಡ್ನಿಯ ಹೋಟೆಲುಗಳದ್ದು. ಎದುರಾಳಿ ಹೋಟೆಲಿನ ಮ್ಯಾನೇಜರುಗಳ ಜೊತೆ ಗೆಳೆತನ ಇದ್ದವರ ಹೋಟೆಲುಗಳು ಹೆಚ್ಚು ಆದಾಯ ಕಂಡಿದ್ದವು. ಹೇಗೆ ಅಂದರೆ, ತನ್ನಲ್ಲಿ ರೂಮು ತುಂಬಿದಾಗ ಬಂದ ಅತಿಥಿಯನ್ನು ಗೆಳೆಯನ ಹೋಟೆಲಿಗೆ ಕಳಿಸುವುದು, ನಾಳೆ ಅವನು ಇವನಿಗೆ ಕಳಿಸುವುದು. ಬೇಡಿಕೆ ಹೇಗಿದೆ ಅಂತ ಮಾತಾಡಿಕೊಳ್ಳುವುದು. ಜೊತೆಗೆ, ಇದನ್ನು ಆ ಸಂಶೋಧಕರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಬೆಲೆ ಇಳಿಸುವುದೂ ತಗ್ಗುತ್ತದೆ. ಅತಿಥಿಗೆ ರೂಮು ಸಿಕ್ಕಿತು ಅನ್ನೋದು ನಿಜ. ಬಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟ ಅನ್ನೋದೂ ನಿಜವೇ ಇರಬಹುದು. ಉಪಕಾರ ಎಲ್ಲಿ ಮುಗಿದು ಮಸಲತ್ತು ಎಲ್ಲಿ ಶುರುವಾಗುತ್ತದೆ ಅನ್ನೋ ಗೆರೆ ಆ ಮ್ಯಾನೇಜರುಗಳಿಗೇ ಕಾಣುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಗೆರೆಯ ಮೇಲೆಯೇ ಎಲೆ ಹಾಕಿ ಊಟ ಬಡಿಸಿದವರು ಯು.ಎಸ್. ಸ್ಟೀಲ್‌ನ ಅಧ್ಯಕ್ಷ ಎಲ್ಬರ್ಟ್ ಗ್ಯಾರಿ. 1907ರಲ್ಲಿ ಹಣಕಾಸಿನ ಗಾಬರಿ ಹಬ್ಬಿ ಉಕ್ಕಿಗೆ ಬೇಡಿಕೆ ಕುಸಿದಿತ್ತು. ನವೆಂಬರಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ಎದುರಾಳಿ ಉಕ್ಕು ಕಂಪನಿಗಳವರನ್ನೆಲ್ಲ ಊಟಕ್ಕೆ ಕರೆದರು. ಬೆಲೆ ಇಳಿಸಬೇಡಿ ಅನ್ನೋದೇ ಮಾತಿನ ತಿರುಳು. ಬರವಣಿಗೆ ಇಲ್ಲ, ಸಹಿ ಇಲ್ಲ, ದಂಡ ಇಲ್ಲ. ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿದ ಮೇಲೆ ಬೆನ್ನಿಗೆ ಚೂರಿ ಹಾಕಲು ಮನಸ್ಸಾಗುವುದಿಲ್ಲ ಅನ್ನೋದೇ ಅವರ ಲೆಕ್ಕ. ಇಂಥ ಊಟಗಳು ಕೆಲವು ವರ್ಷ ನಡೆದವು, 1911ರಲ್ಲಿ ಸರ್ಕಾರ ಯು.ಎಸ್. ಸ್ಟೀಲ್ ಮೇಲೆ ಕೇಸು ಹಾಕಿತು, 1920ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕಂಪನಿಯೇ ಗೆದ್ದಿತು. ಆದರೆ ಮಾರುಕಟ್ಟೆ ಬೇರೆ ತೀರ್ಪು ಕೊಟ್ಟಿತ್ತು. 1901ರಲ್ಲಿ ಅಮೆರಿಕದ ಉಕ್ಕಿನ ಸುಮಾರು ಮೂರರಲ್ಲಿ ಎರಡು ಪಾಲು ಅವರದ್ದಾಗಿತ್ತು. 1920ರ ದಶಕದ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಗ್ಯಾರಿ ಎತ್ತಿ ಹಿಡಿದ ಬೆಲೆಯ ನೆರಳಲ್ಲಿ ಸಣ್ಣವರು ಬೆಳೆದರು. ಊಟ ಹಾಕಿದವರು ಗ್ಯಾರಿ, ಮೈ ಹಿಡಿದದ್ದು ಅತಿಥಿಗಳಿಗೆ.

ಪರಿಚಯವೇ ಎಲ್ಲ ಅಂತಲೂ ಅಲ್ಲ. ಎನ್ವಿಡಿಯಾದ ಜೆನ್ಸನ್ ಹುವಾಂಗ್ ಮತ್ತು ಎಎಂಡಿಯ ಲೀಸಾ ಸು ಸಂಬಂಧಿಕರು, ದೂರದ ನೆಂಟಸ್ತಿಕೆ. ಕಂಪ್ಯೂಟರ್ ಚಿಪ್ ಮಾರುವುದರಲ್ಲಿ ಆ ಎರಡು ಕಂಪನಿಗಳು ಒಂದಕ್ಕೊಂದು ಬಿಟ್ಟುಕೊಟ್ಟದ್ದು ಕಾಣುವುದಿಲ್ಲ. ಅವರು ಒಟ್ಟಿಗೆ ಬೆಳೆದವರೂ ಅಲ್ಲ. ರಕ್ತಕ್ಕಿಂತ ಒಡನಾಟ ದೊಡ್ಡದು ಅನ್ನೋದಕ್ಕೆ ಇದನ್ನೇ ಸಾಕ್ಷಿ ಅಂತ ತೆಗೆದುಕೊಳ್ಳಬಹುದೇನೋ.

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಈ ಮಸಲತ್ತಿನ ಕಥೆಗಳಲ್ಲ. ಕಂಪನಿ ಮುಳುಗುವಾಗ ಮೇಲಿನವರು ಯಾರಿಗೆ ಫೋನ್ ಮಾಡುತ್ತಾರೆ ಅನ್ನೋದು. ಮೈಕೆಲ್ ಮೆಕ್‌ಡೊನಾಲ್ಡ್ ಮತ್ತು ಜೇಮ್ಸ್ ವೆಸ್ಟ್‌ಫಾಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಹಿಡಿದರು. ಕಂಪನಿಯ ಸ್ಥಿತಿ ಕೆಟ್ಟಷ್ಟೂ ಸಿಇಒಗಳು ತಮ್ಮ ಗೆಳೆಯರಾದ, ತಮ್ಮಂಥದೇ ಹಿನ್ನೆಲೆಯ ಬೇರೆ ಕಂಪನಿಯ ಅಧಿಕಾರಿಗಳ ಸಲಹೆ ಹೆಚ್ಚು ಕೇಳುತ್ತಿದ್ದರು. ಬೇರೆ ಥರ ಯೋಚಿಸುವ, ಬರೀ ಮುಖಪರಿಚಯದವರ ಸಲಹೆ ಕಡಿಮೆಯಾಗುತ್ತಿತ್ತು. ಪರಿಣಾಮ, ದಾರಿ ಬದಲಾಗಬೇಕಾದ ಹೊತ್ತಿಗೇ ದಾರಿ ಬದಲಾಗುತ್ತಿರಲಿಲ್ಲ, ಮುಂದಿನ ಫಲಿತಾಂಶವೂ ಕೆಡುತ್ತಿತ್ತು. ಗ್ರಾನೊವೆಟರ್ ಹೇಳಿದ ದೂರದ ಪರಿಚಯ ಯಾವಾಗ ಅತಿ ಹೆಚ್ಚು ಬೇಕೋ ಆಗಲೇ ಅದನ್ನು ಕೈಬಿಡುತ್ತಾರೆ. ಅರ್ಥವಾಗದ್ದೇನಿಲ್ಲ. ಸೋತು ಕೂತಾಗ ಯಾರಿಗೆ ಬೇಕು ಬುದ್ಧಿವಾದ? "ನಿನ್ನ ತಪ್ಪೇನಿಲ್ಲ ಬಿಡೋ, ಮಾರ್ಕೆಟ್ಟೇ ಹಾಗಿದೆ" ಅನ್ನೋ ದನಿ ಬೇಕು. ಅದು ಗೆಳೆಯನ ಹತ್ತಿರ ಮಾತ್ರ ಸಿಗುತ್ತದೆ.

ಹಾಗಾಗಿ ನಾನೀಗ ಒಂದು ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಸಿಇಒ ಬರೆದ ಚಂದದ ಪತ್ರ ಬಿಟ್ಟು ನಿರ್ದೇಶಕರ ಪುಟಕ್ಕೆ ಹೋಗುತ್ತೇನೆ. ಯಾರು ಇನ್ನೆಲ್ಲಿ ಕೂತಿದ್ದಾರೆ, ಎಷ್ಟು ಜನ ಒಂದೇ ಹಳೇ ಕಂಪನಿಯಿಂದ ಬಂದವರು, ಉದ್ಯಮದ ಹೊರಗಿನವರು ಒಬ್ಬರಾದರೂ ಇದ್ದಾರಾ. ಹತ್ತು ನಿಮಿಷದ ಕೆಲಸ. ಮುಂದಿನ ಎರಡು ವರ್ಷದಲ್ಲಿ ಆ ಕಂಪನಿ ಯಾರನ್ನು ನಕಲು ಮಾಡುತ್ತದೆ ಅನ್ನೋ ಅಂದಾಜು ಸಿಗುತ್ತದೆ. ಎಲ್ಲ ಸಲ ಸರಿ ಹೋಗುವುದಿಲ್ಲ, ಆದರೆ ಆ ಪತ್ರಕ್ಕಿಂತ ವಾಸಿ.

ಮುಖ್ಯ ಕರೆಗಳ್ಯಾವುವೂ ಆ ವರದಿಯಲ್ಲಿ ಇರುವುದಿಲ್ಲ ಅನ್ನೋದು ಬೇರೆ ಮಾತು. ಆದರೆ ಒಂದು ಸಲ ಅಂಥ ಕರೆಯೊಂದು ನಮ್ಮ ಕೈಗೆ ಸಿಕ್ಕಿದೆ. 1982ರ ಫೆಬ್ರವರಿ 1. ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ರಾಬರ್ಟ್ ಕ್ರಾಂಡಲ್ ಮತ್ತು ಬ್ರಾನಿಫ್ ಏರ್‌ಲೈನ್ಸ್‌ನ ಹೋವರ್ಡ್ ಪಟ್ನಮ್ ಫೋನಿನಲ್ಲಿ ಮಾತಾಡುತ್ತಿದ್ದರು. ಇಬ್ಬರದೂ ಡಲ್ಲಾಸಿನಲ್ಲೇ ನೆಲೆ, ಇಬ್ಬರೂ ಟಿಕೆಟ್ ಬೆಲೆ ಇಳಿಸಿ ಇಳಿಸಿ ಸುಸ್ತಾಗಿದ್ದರು. ನಿಮ್ಮ ಸಲಹೆ ಏನಾದರೂ ಇದೆಯಾ ಅಂತ ಪಟ್ನಮ್ ಕೇಳಿದರು. ನಿನ್ನ ಹಾಳು ಟಿಕೆಟ್ ಬೆಲೆಯನ್ನು ಶೇ. 20 ಏರಿಸು, ಮಾರನೇ ಬೆಳಿಗ್ಗೆ ನಾನೂ ಏರಿಸುತ್ತೇನೆ ಅಂದರು ಕ್ರಾಂಡಲ್. ಬೆಲೆಯ ವಿಷಯ ನಾವು ಮಾತಾಡುವ ಹಾಗಿಲ್ಲ ಅಂತ ಪಟ್ನಮ್ ಹೇಳಿದ್ದಕ್ಕೆ, ಅಯ್ಯೋ ಬಿಡು ಹೋವರ್ಡ್, ನಾವು ಏನು ಬೇಕಾದರೂ ಮಾತಾಡಬಹುದು ಅಂತ ಉತ್ತರ. ಪಟ್ನಮ್ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಓಡುತ್ತಿತ್ತು. ಟೇಪು ನ್ಯಾಯ ಇಲಾಖೆಗೆ ಹೋಯಿತು. ಬ್ರಾನಿಫ್ ಮೇ ತಿಂಗಳಲ್ಲಿ ದಿವಾಳಿಯಾಯಿತು, ಕೇಸು ಮಾತ್ರ ಎಳೆದು ಎಳೆದು 1985ರಲ್ಲಿ ರಾಜಿಯಲ್ಲಿ ಮುಗಿಯಿತು. ರಾಜಿಯ ಷರತ್ತಿನಲ್ಲಿ ಒಂದು ಹೀಗಿತ್ತು: ಬೇರೆ ವಿಮಾನ ಕಂಪನಿಗಳ ಅಧಿಕಾರಿಗಳ ಜೊತೆ ಏನಾದರೂ ಮಾತಾಡಿದರೆ ಕ್ರಾಂಡಲ್ ಅದನ್ನು ಬರೆದಿಡಬೇಕು.